ಕೆರೆ ಕೊಂಬಿನ ಪೌತಿ ಖಾತೆ

ನವೆಂಬರ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಒಂಬತ್ತೂ ಮುಕ್ಕಾಲು ಗಂಟೆ. ಸ್ಥಳ: ಶಿಕಾರಿಪುರದ ನಮ್ಮ ಮನೆಯ ಮುಂದಿನ ಕೋಣೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಔಷಧಿ ಅಂಗಡಿಯವರು. ಸೊರಬದಿಂದ ಟೈಲರಮ್ಮ ಬರಬೇಕಿತ್ತು. ಬಸ್ಸು ಶಿರಾಳಕೊಪ್ಪ ಬಿಟ್ಟಿದೆ ಎಂದು ಫೋನು ಮಾಡಿದ್ದರು. ಶಿವಮೊಗ್ಗದಿಂದ ಪರಿವೀಕ್ಷಕಿ ಹನ್ನೊಂದಕ್ಕೆ ಬರುವವರಿದ್ದರು.

ಮೂವತ್ತನಾಲ್ಕು ವರ್ಷ ಭೂಮಾಪನ ಇಲಾಖೆಯಲ್ಲಿ ಮಹಜರು ಬರೆದವನು ನಾನು. ಗಂಟೆ, ಸ್ಥಳ, ಹಾಜರಿದ್ದವರು ಇಲ್ಲದೆ ಏನನ್ನೂ ಶುರುಮಾಡಲು ಬರುವುದಿಲ್ಲ. ಓದಿದ್ದು ಮಠದ ಉಚಿತ ಹಾಸ್ಟೆಲಿನಲ್ಲಿ. ನಾಲ್ಕೂವರೆಗೆ ಗಂಟೆ ಬಾರಿಸಿದರೆ ಐದಕ್ಕೆ ಸ್ನಾನ ಮುಗಿಸಿ ಸಾಲಿನಲ್ಲಿ ನಿಂತಿರಬೇಕಿತ್ತು. ಈಗ ಗಂಟೆ ಬಾರಿಸುವವರಿಲ್ಲ, ಆದರೂ ನಾಲ್ಕೂವರೆಗೆ ಎಚ್ಚರವಾಗುತ್ತದೆ.

ಆ ದಿನ ಎದ್ದವನು ಮೇಜು ಒರೆಸಿ, ಎಲ್ಲರ ಹಾಳೆಗಳನ್ನು ವರ್ಷದ ಪ್ರಕಾರ ಜೋಡಿಸಿ, ಒಂಬತ್ತೂವರೆಗೆ ಕೊನೆಯ ಸಲ ತಾಳೆ ನೋಡಲು ಕೂತೆ. ಒಂಬತ್ತೂ ಮುಕ್ಕಾಲಿಗೆ ತಪ್ಪು ಸಿಕ್ಕಿತು. ನನ್ನದೇ ತಪ್ಪು.

ಮೊದಲು ಆಟದ ವಿಷಯ ಹೇಳಬೇಕು. ಒಂದು ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತೇವೆ. ಪ್ರತಿಯೊಬ್ಬರೂ ಕಾಗದದ ಮೇಲೆ ಒಬ್ಬ ಮನುಷ್ಯನನ್ನು ಕಟ್ಟಿಕೊಂಡಿರುತ್ತಾರೆ. ಅವನ ಬಲ ಎಷ್ಟು, ಬುದ್ಧಿ ಎಷ್ಟು, ಕೈಯಲ್ಲಿ ಏನಿದೆ ಎಂಬುದೆಲ್ಲ ಆ ಹಾಳೆಯಲ್ಲಿರುತ್ತದೆ. ಒಬ್ಬರು ಕಥೆ ನಡೆಸುತ್ತಾರೆ; ನಮ್ಮಲ್ಲಿ ಅದು ನನ್ನ ಕೆಲಸ. ಉಳಿದವರು ತಮ್ಮ ಪಾತ್ರ ಆ ಕಥೆಯಲ್ಲಿ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಾಲೇಜಿನ ಒಬ್ಬ ಉಪನ್ಯಾಸಕರು ಈ ಆಟವನ್ನು ಊರಿಗೆ ತಂದರು. ಅವರಿಗೆ ವರ್ಗವಾದಾಗ ಪುಸ್ತಕ, ದಾಳ ಎಲ್ಲ ನನ್ನ ಕೈಗೆ ಬಂತು. ನಕ್ಷೆ ಬರೆಯಬಲ್ಲವನು ಎಂಬುದೊಂದೇ ನನ್ನ ಅರ್ಹತೆ.

ನಮ್ಮದು ಎರಡು ಆಟ. ತಿಂಗಳ ಮೊದಲ ಮತ್ತು ಮೂರನೇ ಭಾನುವಾರ ಸಂಘದ ಆಟ. ರಾಜ್ಯದ ಎಷ್ಟೋ ಊರುಗಳಲ್ಲಿ ಇಂಥ ಮೇಜುಗಳಿವೆ. ಎಲ್ಲಕ್ಕೂ ಆಟಗಾರರ ಸಂಘ ಒಂದೇ ಕಥೆ ಕಳಿಸುತ್ತದೆ. ನಾಲ್ಕು ಗಂಟೆಯ ಆಟ, ಸಂಘದ ಪಟ್ಟಿಯಲ್ಲಿರುವ ವಸ್ತು ಮಾತ್ರ, ಗಳಿಸಿದ್ದನ್ನು ಅಂದೇ ಬರೆದು ಸಹಿ ಮಾಡಬೇಕು. ಹಾಗೆ ಬರೆದ ಹಾಳೆ ಇದ್ದರೆ ಬೇರೆ ಊರಿಗೆ ಹೋಗಿ ಗುರುತಿಲ್ಲದವರ ಜೊತೆಗೂ ಕೂತು ಆಡಬಹುದು. ಎರಡನೇ ಮತ್ತು ನಾಲ್ಕನೇ ಭಾನುವಾರ ಮನೆ ಆಟ. ಅದರ ಸೀಮೆಯನ್ನು ನಾನೇ ಬರೆದದ್ದು, ಇಂಚಿಗೆ ಒಂದು ಮೈಲಿ ಲೆಕ್ಕದಲ್ಲಿ: ಏಳು ಕೆರೆ, ಒಂದು ಹಾಳು ಬಿದ್ದ ಕಲ್ಲಿನ ಪಟ್ಟಣ, ನಡುವೆ ಕಾಡು. ಅದರ ಕಾಯ್ದೆಯೂ ನಮ್ಮದೇ.

ಎರಡೂ ಆಟಕ್ಕೆ ಒಂದೇ ಪಾತ್ರ ಬೇಕೆಂದು ಎಲ್ಲರೂ ಹಟ ಹಿಡಿದರು. ಸಂಘವೂ ಅಡ್ಡಿ ಹೇಳಲಿಲ್ಲ. ಮನೆ ಆಟದ ಗಳಿಕೆ ಸಂಘದ ಲೆಕ್ಕದಲ್ಲಿ ಸೇರಬಾರದು, ಅಷ್ಟೇ. ಹಾಗಾಗಿ ನಾನು ಪ್ರತಿ ಹಾಳೆಯ ನಡುವೆ ಕೆಂಪು ಗೆರೆ ಎಳೆದೆ. ಎಡಕ್ಕೆ ಸಂಘ, ಬಲಕ್ಕೆ ಮನೆ. ಜಮೀನಿನ ದಾಖಲೆಯಂತೆ ಹಕ್ಕು, ಋಣ, ಷರಾ ಎಂದು ಕಲಂ ಹಾಕಿದ್ದರಿಂದ ಆ ಹಾಳೆಗೆ ನಮ್ಮವರೆಲ್ಲ ಪಹಣಿ ಎಂದೇ ಕರೆಯುತ್ತಿದ್ದರು.

ಟೈಲರಮ್ಮನ ಪಹಣಿ ಆಗಸ್ಟಿನಲ್ಲಿ ಮಡಿಕೆಯ ಹತ್ತಿರ ಹರಿದಿತ್ತು. ಹೊಸ ಹಾಳೆಗೆ ನಕಲು ಮಾಡಿದವನು ನಾನು. ಬಲಗಡೆ ಇರಬೇಕಾದ ಒಂದು ಸಾಲನ್ನು ಎಡಗಡೆ ಬರೆದಿದ್ದೆ. “ಕೆರೆ ಕೊಂಬು, ಒಂದು.”

“ಏನಾತ್ರೀ ಸಾರ್, ಮುಖ ಹಿಂಗ್ಯಾಕ್ ಮಾಡಿದ್ರಿ?” ಎಂದರು ಔಷಧಿ ಅಂಗಡಿಯವರು. ಇವರು ಬಹಳ ಸಣಕಲು, ಆಟದಲ್ಲಿ ಪೈಲ್ವಾನ.

ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು.

“ಸೆಪ್ಟೆಂಬರ್‌ದಾಗೆ ಸಂಘದ ಆಟಕ್ಕೆ ಊದಿದ್ವಲ್ರೀ ಇದನ್ನ!”

“ಹೌದು. ಎಡಗಡೆ ಇದೆ ಅಂತ ನಾನೇ ಒಪ್ಪಿದ್ದು.”

ಅದೇ ದೊಡ್ಡ ತೊಂದರೆ. ಕೆರೆ ಕೊಂಬು ಮನೆ ಆಟದಲ್ಲಿ ನಾನು ಕಟ್ಟಿದ ವಸ್ತು. ಆಟಕ್ಕೆ ಒಂದು ಸಲ ಅದನ್ನು ಊದಿದರೆ, ಕೇಳಿಸಿಕೊಂಡವರೆಲ್ಲ ಸೋತ ದಾಳವನ್ನು ಮತ್ತೆ ಹಾಕಬಹುದು. ಸೆಪ್ಟೆಂಬರಿನ ಆಟದಲ್ಲಿ ಎಲ್ಲರೂ ಗುಹೆಯಲ್ಲಿ ಸಿಕ್ಕಿಬಿದ್ದು ಸಾಯುವುದರಲ್ಲಿದ್ದಾಗ ಟೈಲರಮ್ಮ ಕೊಂಬು ಊದಿದರು. ಎಲ್ಲರೂ ಉಳಿದರು. ಆ ಗೆಲುವಿನಿಂದ ಅವರ ಪಾತ್ರ ಐದನೇ ಮೆಟ್ಟಿಲಿಗೆ ಏರಿತು. ಐದನೇ ಮೆಟ್ಟಿಲು ಮುಟ್ಟಿದವರಿಗೆ ಮಾತ್ರ ಶಿವಮೊಗ್ಗದಲ್ಲಿ ಎರಡು ದಿನದ ದೊಡ್ಡ ಮೇಜಿನಲ್ಲಿ ಜಾಗ. ನಮ್ಮ ಮೇಜಿಗೆ ಒಂದೇ ಜಾಗ, ಮುಟ್ಟಿದ್ದವರು ಅವರೊಬ್ಬರೇ. ಸಂಘದ ಪರಿವೀಕ್ಷಕಿ ಬರುತ್ತಿದ್ದುದು ಅದರ ದಾಖಲೆ ನೋಡಲಿಕ್ಕೆ. ಹೆಸರು ಸೇರಿಸಲು ಅಂದು ಸಂಜೆ ಐದು ಗಂಟೆ ಕೊನೆ.

ಆ ಜಾಗಕ್ಕಾಗಿ ಟೈಲರಮ್ಮ ಮೂರು ವರ್ಷ ಸೊರಬದಿಂದ ಬಸ್ಸು ಹತ್ತಿದ್ದರು. ಮದುವೆಯಾದ ಮೇಲೆ ಒಂದು ರಾತ್ರಿಯೂ ಅವರು ತಮ್ಮ ಸಲುವಾಗಿ ಮನೆ ಬಿಟ್ಟು ಉಳಿದವರಲ್ಲ. ಎರಡು ದಿನ ಶಿವಮೊಗ್ಗದಲ್ಲಿರಲು ಗಂಡನನ್ನು ಒಪ್ಪಿಸಿ, ಅತ್ತೆಯನ್ನು ನೋಡಿಕೊಳ್ಳಲು ನಾದಿನಿಗೆ ಬರಲು ಹೇಳಿ, ಹೊಸ ಚೀಲ ಕೂಡ ಹೊಲಿದುಕೊಂಡಿದ್ದರು. ಹೋದ ಸಲ ತಂದು ತೋರಿಸಿದ್ದರು: ದಾಳಕ್ಕೊಂದು ಜೇಬು, ಪೆನ್ಸಿಲಿಗೊಂದು ಜೇಬು.

“ಒಂದ್ ಸಾಲು ಸಾರ್,” ಎಂದರು ಔಷಧಿ ಅಂಗಡಿಯವರು ದನಿ ತಗ್ಗಿಸಿ. “ವೈಟ್ನರ್ ಹಚ್ಚಿ ಊದಿಬಿಟ್ರೆ ಆತು. ಗುಹೆದಾಗೆ ದಾಳ ನಮ್ ಕಡಿಗೆ ಬಿತ್ತು ಅಂತ ಹೇಳಾದು. ಯಾರ್ ನೋಡಿದಾರೆ?”

ಒಳಗಿನಿಂದ ಅವಲಕ್ಕಿ ತಟ್ಟೆ ತರುತ್ತಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. “ಸರ್ವೀಸ್‌ನಾಗೆ ಕಂಡೋರಿಗೆಲ್ಲ ವೈಟ್ನರ್ ಹಚ್ಚಬ್ಯಾಡ್ರಿ ಅಂತ ಬೈಕಂತ ಬಂದೋರು ಇವ್ರು. ಇವತ್ತು ಇವ್ರ ಕೈಯಾಗೆ ಹಚ್ಚುಸ್ತೀರೇನು? ಮೊದ್ಲು ತಿನ್ರಿ.”

ಯಾರೂ ತಿನ್ನಲಿಲ್ಲ.

ಹತ್ತೂ ಇಪ್ಪತ್ತಕ್ಕೆ ಟೈಲರಮ್ಮ ಬಂದರು. ಹೊಸ ಚೀಲ ಹೆಗಲಿನಲ್ಲಿತ್ತು. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ಕೆಟ್ಟ ಸುದ್ದಿಯನ್ನು ಕೂರಿಸಿ ಉಪಚರಿಸಿ ಹೇಳುವುದು ನನಗೆ ಬರುವುದಿಲ್ಲ. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು.

“ಹಂಗಾರೆ ಎಂತ ಆಗ್ತದೆ ಸಾರ್?”

“ಗೊತ್ತಿಲ್ಲ ಕಣಮ್ಮ. ಅವರು ಬಂದ ತಕ್ಷಣ ನಾನೇ ತೋರಿಸ್ತೀನಿ.”

“ಅವ್ರು ಕೇಳದಿದ್ರೂ?”

“ಕೇಳದಿದ್ರೂ.”

ಅವರು ಚೀಲವನ್ನು ಕುರ್ಚಿಗೆ ನೇತುಹಾಕದೆ ತೊಡೆಯ ಮೇಲೇ ಇಟ್ಟುಕೊಂಡು ಕೂತರು.

ಪರಿವೀಕ್ಷಕಿ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದರು. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಚುರುಕು. ನಮ್ಮ ಪಹಣಿ ನೋಡಿ ನಕ್ಕರು. “ಇಷ್ಟು ನೀಟಾಗಿ ಯಾವ ಮೇಜಿನವರೂ ಇಟ್ಟಿಲ್ಲ ಸಾರ್” ಎಂದರು. ಆ ಮಾತು ಮುಗಿಯುವ ಮೊದಲೇ ಟೈಲರಮ್ಮನ ಹಾಳೆಯನ್ನು ಮೇಲಿಟ್ಟು ಸಾಲಿನ ಕೆಳಗೆ ಬೆರಳಿಟ್ಟೆ.

“ಈ ಕೊಂಬು ಸಂಘದ ಪಟ್ಟಿಯಲ್ಲಿಲ್ಲ. ಮನೆ ಆಟದ್ದು. ನಕಲು ಮಾಡುವಾಗ ನನ್ನ ಕೈಯಿಂದ ಈ ಕಡೆ ಬಂದಿದೆ. ಸೆಪ್ಟೆಂಬರ್ ಆಟದಲ್ಲಿ ಬಳಸಿದೀವಿ.”

ಅವರ ನಗು ನಿಂತಿತು. ಫೋನು ತೆಗೆದು ಸಂಘದ ನಿಯಮ ಓದತೊಡಗಿದರು. ಔಷಧಿ ಅಂಗಡಿಯವರು ದಾಳವನ್ನು ಬೆರಳುಗಳ ನಡುವೆ ತಿರುಗಿಸುತ್ತಲೇ ಇದ್ದರು; ನಾನು ಕೈಯಿಟ್ಟು ನಿಲ್ಲಿಸಿದೆ.

“ಇದು ಇವರು ಗಳಿಸಿದ್ದಾ?” ಎಂದರು ಪರಿವೀಕ್ಷಕಿ.

“ಅಲ್ಲ. ಪೌತಿ.”

“ಅಂದ್ರೆ?”

ಖಾತೆದಾರ ಸತ್ತರೆ ಜಮೀನನ್ನು ವಾರಸುದಾರರ ಹೆಸರಿಗೆ ಬರೆಯುತ್ತೇವಲ್ಲ, ಅದನ್ನೇ ಮನೆ ಆಟಕ್ಕೂ ತಂದಿದ್ದೆ. ಒಂದು ಪಾತ್ರ ಸತ್ತರೆ ಅದರ ವಸ್ತು ಗಾಳಿಗೆ ಹೋಗಬಾರದು. ಮುಂದಿನ ಆಟದಲ್ಲಿ ನೋಟಿಸು ಓದಿ, ತಕರಾರು ಇದೆಯೇ ಎಂದು ಮೂರು ಸಲ ಕೇಳಿ, ಇಲ್ಲದಿದ್ದರೆ ವಾರಸುದಾರರ ಪಹಣಿಗೆ ಏರಿಸುವುದು. ಕೊಂಬು ಟೈಲರಮ್ಮನ ಅತ್ತೆಯವರ ಪಾತ್ರದ್ದಾಗಿತ್ತು.

ಅತ್ತೆ ನಿವೃತ್ತ ಅಂಗನವಾಡಿ ಶಿಕ್ಷಕಿ. ಸೊಸೆಯ ಜೊತೆ ಒಮ್ಮೆ ಶಿಕಾರಿಪುರದ ಡಾಕ್ಟರ ಹತ್ತಿರ ಬಂದವರು ನಮ್ಮ ಆಟ ನೋಡುತ್ತ ಕೂತು, “ನಾನೂ ಒಬ್ಬಳನ್ನ ಹಾಕ್ಲ?” ಎಂದು ಕೇಳಿದ್ದರು. ಕೆರೆ ಏರಿ ಕಾಯುವ ಇಪ್ಪತ್ತರ ಹುಡುಗಿಯನ್ನು ಕಟ್ಟಿದರು. “ನಿಜದಾಗೇ ಮುದುಕಿ ಆಗೀನಿ. ಆಟದಾಗೂ ಎಂತಕ್ಕೆ ಮಂಡಿ ನೋವು?” ಎಂದಿದ್ದರು. ಮೂರು ಆಟ ಪೂರ್ತಿ ಒಡೆದ ಏರಿ ಬಿಟ್ಟು ಅಲ್ಲಾಡದೆ ಆ ಕೊಂಬನ್ನು ಗಳಿಸಿದ್ದರು. ಕಳೆದ ಫೆಬ್ರವರಿಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಮೂರು ತಿಂಗಳು ಕಾದೆವು. ಮೇ ತಿಂಗಳ ಕೊನೆಗೆ ಟೈಲರಮ್ಮನೇ ಹೇಳಿದರು, ಅತ್ತೇರಿಗೆ ಇನ್ನು ಆಗಲ್ಲ ಸಾರ್, ಆ ಹುಡುಗಿ ಕಥೆ ಮುಗ್ಸಿಬಿಡ್ರಿ ಎಂದು. ಆ ಭಾನುವಾರ ಕಥೆಯಲ್ಲಿ ಆ ಹುಡುಗಿ ಏರಿಯಿಂದ ಜಾರಿ ನೀರಿಗೆ ಬಿದ್ದಳು. ಮುಂದಿನ ಆಟದಲ್ಲಿ ನೋಟಿಸು ಓದಿದೆ, ಮೂರು ಸಲ ಕೇಳಿದೆ, ಪೌತಿ ಬರೆದೆ.

ಪರಿವೀಕ್ಷಕಿ ಎಲ್ಲ ಕೇಳಿಕೊಂಡು ಫೋನನ್ನು ಮೇಜಿನ ಮೇಲಿಟ್ಟರು.

“ಒಂದು ದಾರಿ ಇದೆ ಸಾರ್. ಸಂಘದ ನಿಯಮದಲ್ಲೇ ಇದೆ. ಆಟ ಪೂರ್ತಿ ಬಿಟ್ಟವರು ತಮ್ಮ ಪಾತ್ರದ ಒಂದೇ ಒಂದು ವಸ್ತುನ ಅದೇ ಮೇಜಿನ ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ನಾನು ಅದನ್ನ ವಿಶೇಷ ವಸ್ತು ಅಂತ ಪಟ್ಟಿಗೆ ಸೇರಿಸ್ತೀನಿ, ಸೆಪ್ಟೆಂಬರ್ ಆಟವೂ ಉಳಿಯುತ್ತೆ. ಆದ್ರೆ ಅವರ ಕೈಬರಹದ ಸಹಿ ಬೇಕು. ‘ನಾನು ಆಟದಿಂದ ನಿವೃತ್ತಳಾಗಿದ್ದೇನೆ’ ಅಂತ. ಐದು ಗಂಟೆ ಒಳಗೆ ಫೋಟೋ ಕಳಿಸಿ.”

“ಇಲ್ಲದಿದ್ರೆ?”

“ಸೆಪ್ಟೆಂಬರ್ ಆಟ ರದ್ದು. ನಾಲ್ಕನೇ ಮೆಟ್ಟಿಲು. ಜಾಗ ಬೇರೆ ಮೇಜಿಗೆ ಹೋಗುತ್ತೆ.”

“ಮನೆ ಆಟಕ್ಕೆ ನಿಮ್ ಕಾಯ್ದೆ ಹತ್ತಲ್ಲಲ್ರೀ ಮೇಡಂ?” ಎಂದರು ಔಷಧಿ ಅಂಗಡಿಯವರು. “ಅಲ್ಲಿ ಅವ್ವಾರು ಬೇಕಾದ್ರೆ ಆಡಬೌದು?”

“ನಿಮ್ಮ ಮನೇಲಿ ನೀವೇನು ಮಾಡ್ತೀರೋ ನಾನು ಕೇಳಲ್ಲ.”

ಟೈಲರಮ್ಮ ಆಗಲೇ ಎದ್ದು ನಿಂತಿದ್ದರು. “ಎಡಗೈಲಿ ಸಹಿ ಹಾಕ್ತಾರೆ ಸಾರ್. ಪೆನ್ಷನ್ ಕಾಗದಕ್ಕೆ ಹಾಕಿದಾರೆ. ಹನ್ನೆರಡೂ ನಲವತ್ತಕ್ಕೆ ಬಸ್ ಐತೆ.”

ಪರಿವೀಕ್ಷಕಿ ಹೇಳಿದಂತೆ ಪತ್ರ ಬರೆದೆ. ಪತ್ರ, ಅತ್ತೆ ಸೊಸೆಯರ ಎರಡು ಪಹಣಿ, ಮನೆ ಆಟದ ರಿಜಿಸ್ಟರು, ಸ್ಟಾಂಪ್ ಪ್ಯಾಡು, ಪೆನ್ನು ಎರಡು. ಎಲ್ಲ ನನ್ನ ಚೀಲಕ್ಕೆ ಹಾಕಿದೆ. ಔಷಧಿ ಅಂಗಡಿಯವರು ಅಂಗಡಿ ತೆರೆಯಬೇಕೆಂದು ಉಳಿದರು. ಹೆಂಡತಿ ಅವಲಕ್ಕಿಯನ್ನು ಡಬ್ಬಿಗೆ ತುಂಬಿ ಟೈಲರಮ್ಮನ ಕೈಗೆ ಕೊಟ್ಟಳು. “ಇವ್ರಿಗೆ ಕೊಟ್ರೆ ತಿನ್ನಂಗಿಲ್ಲ, ನೀನಾದ್ರೂ ನಿಮ್ಮತ್ತೇರಿಗೆ ತಿನ್ಸು” ಎಂದಳು.

ಬಸ್ಸು ಶಿರಾಳಕೊಪ್ಪದಲ್ಲಿ ಇಪ್ಪತ್ತೈದು ನಿಮಿಷ ನಿಂತಿತು. ಕಂಡಕ್ಟರು ಟೀಗೆ ಹೋಗಿದ್ದ. ನಾನು ಮೂರು ಸಲ ಗಡಿಯಾರ ನೋಡಿದೆ. ಟೈಲರಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ಬಸ್ಸು ಹೊರಟ ಮೇಲೆ ಇದ್ದಕ್ಕಿದ್ದಂತೆ ಹೇಳಿದರು:

“ಸಾರ್, ಅಲ್ಲಿ ಹೆಚ್ಚು ಮಾತಾಡದು ಬ್ಯಾಡ. ಕಾಗದ ಕೊಡ್ರಿ, ನಾನು ಸಹಿ ಹಾಕಿಸ್ತೀನಿ.”

“ಆಗಲಿ” ಎಂದೆ. ಯಾಕೆ ಹಾಗೆ ಹೇಳಿದರೆಂದು ಕೇಳಲಿಲ್ಲ.

ಸೊರಬ ಮುಟ್ಟಿದಾಗ ಎರಡೂಮುಕ್ಕಾಲು. ಮನೆ ಬಸ್ ನಿಲ್ದಾಣದಿಂದ ಹತ್ತು ನಿಮಿಷದ ದಾರಿ. ಮುಂದೆ ಹೊಲಿಗೆ ಅಂಗಡಿ, ಹಿಂದೆ ಎರಡು ಕೋಣೆ. ತಾಯಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ ಗಂಡ ಹೊರಗೆ ಹೋಗಿದ್ದರು. ಅತ್ತೆ ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು. ನಾನು ಅವರನ್ನು ನೋಡಿ ಒಂಬತ್ತು ತಿಂಗಳಾಗಿತ್ತು. ಮುಖ ಒಂದು ಕಡೆಗೆ ಎಳೆದಿತ್ತು, ಕಣ್ಣು ಮಾತ್ರ ಮೊದಲಿನ ಹಾಗೆಯೇ ಇತ್ತು. ನನ್ನನ್ನು ಕಂಡು ಎಡಗೈ ಎತ್ತಿದರು. ಆಮೇಲೆ ಮುಷ್ಟಿ ಮಾಡಿ, ಬಾಯಿಯ ಹತ್ತಿರ ಹಿಡಿದು, ಊದುವಂತೆ ಕೆನ್ನೆ ಉಬ್ಬಿಸಿದರು. ಒಂದು ಕೆನ್ನೆ ಮಾತ್ರ ಉಬ್ಬಿತು.

“ಕೊಂಬಿನ ವಿಷ್ಯ ಕೇಳ್ತಿದಾರೆ,” ಎಂದರು ಟೈಲರಮ್ಮ ಬೇಗ ಬೇಗ. “ಆಟ ಮುಗಿದಾಗೆಲ್ಲ ಬಂದು ಹೇಳ್ತೀನಿ. ಅತ್ತೇರೆ, ನಿಮ್ ಕೊಂಬು ಶಿವಮೊಗ್ಗಕ್ಕೆ ಹೋಗ್ತದೆ. ಅದಕ್ಕೆ ಒಂದು ಸಹಿ ಬೇಕಂತೆ. ಇಲ್ಲಿ ಹಾಕ್ರಿ.”

ಪತ್ರವನ್ನು ತಟ್ಟೆಯ ಬೆನ್ನಿಗಿಟ್ಟು ಮುಂದೆ ಹಿಡಿದರು. ಅತ್ತೆ ಎಡಗೈಯಲ್ಲಿ ಪೆನ್ನು ತೆಗೆದುಕೊಂಡರು.

ಆಗ ನಾನು, “ತಡೀರಿ, ಓದಿ ಹೇಳಬೇಕು” ಎಂದೆ.

ಸಹಿಗೆ ಮೊದಲು ಓದಿ ಹೇಳದ ಕಾಗದ ನನ್ನ ಕೈಯಿಂದ ಎಂದೂ ಹೋದದ್ದಲ್ಲ. ಹೊಲದ ಬದುವಿನ ಮೇಲೆ ಬಿಸಿಲಿನಲ್ಲಿ ನಿಂತು, ಮೂರು ಪುಟದ ಮಹಜರನ್ನು ಓದಲು ಬಾರದವರಿಗೂ ಓದಲು ಬರುವವರಿಗೂ ಸಮನಾಗಿ ಓದಿ ಹೇಳಿದ್ದೇನೆ. ಅದು ನನಗೆ ಉಸಿರಾಡಿದ ಹಾಗೆ. ಟೈಲರಮ್ಮ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದರು. ಕಂಡೆ. ಅವಸರಕ್ಕೆ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡೆ. ಗಡಿಯಾರದಲ್ಲಿ ಮೂರೂ ಹತ್ತು, ಓದಲು ಸಮಯವಿತ್ತು.

ಪತ್ರ ಓದಿದೆ. ಆಟದಿಂದ ನಿವೃತ್ತಳಾಗಿದ್ದೇನೆ ಎಂಬಲ್ಲಿ ಅತ್ತೆಯ ಹುಬ್ಬು ಗಂಟಿಕ್ಕಿತು. ಪತ್ರದ ಜೊತೆ ಲಗತ್ತು ಎಂದು ಅವರದೇ ಪಹಣಿ ಇತ್ತು; ಲಗತ್ತನ್ನೂ ಓದಬೇಕು. ಓದಿದೆ. ಬಲ, ಬುದ್ಧಿ, ಕಲಂ ಎರಡು, ಕಲಂ ಮೂರು. ಷರಾ ಕಲಮಿನಲ್ಲಿ: “ಸದರಿ ಪಾತ್ರ ಕೆರೆ ಏರಿಯಿಂದ ಜಾರಿ ಬಿದ್ದು ಮೃತ. ನೋಟಿಸು ಓದಲಾಗಿದೆ. ತಕರಾರು ಇರುವುದಿಲ್ಲ. ಕೊಂಬು ಸೊಸೆಯ ಪಾತ್ರಕ್ಕೆ ಪೌತಿ.”

ಪೆನ್ನು ಹೊದಿಕೆಯ ಮೇಲೆ ಬಿತ್ತು.

ಅತ್ತೆ ಸೊಸೆಯ ಕಡೆ ನೋಡಿದರು. ಟೈಲರಮ್ಮ ನೆಲ ನೋಡುತ್ತಿದ್ದರು. ಆಗ ನನಗೆ ತಿಳಿಯಿತು. ಅವರಿಗೆ ಗೊತ್ತೇ ಇರಲಿಲ್ಲ. ಆ ಹುಡುಗಿ ಸತ್ತಳೆಂದು ಯಾರೂ ಹೇಳಿರಲಿಲ್ಲ. ಆಟವಾದಾಗಲೆಲ್ಲ ಸೊಸೆ ಬಂದು, ನಿಮ್ಮ ಕೊಂಬು ಹೀಗೆ ಊದಿದೆವು, ನಿಮ್ಮ ಹುಡುಗಿ ಏರಿ ಮೇಲೆ ನಿಂತಿದ್ದಳು ಎಂದು ಹೇಳುತ್ತ ಬಂದಿದ್ದರು.

ನನ್ನ ತಪ್ಪು ಅದಕ್ಕಿಂತ ದೊಡ್ಡದು. ನೋಟಿಸನ್ನು ಶಿಕಾರಿಪುರದಲ್ಲಿ ಓದಿದ್ದೆ. ಖಾತೆದಾರರು ಸೊರಬದಲ್ಲಿ ಜೀವಂತ ಇದ್ದರು. ಇದ್ದವರನ್ನು ಕೇಳದೆ, ತಕರಾರು ಇಲ್ಲ ಎಂದು ಬರೆದಿದ್ದೆ. ಬದುಕಿರುವವರನ್ನು ಸತ್ತಿದ್ದಾರೆಂದು ಬರೆದ ಪಹಣಿ ಹಿಡಿದು ಕಚೇರಿಗೆ ಅಲೆಯುತ್ತಿದ್ದವರನ್ನು ನಾನು ನೋಡಿದ್ದೇನೆ; ಬರೆದವರನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಸಂಘದ ಆಟಕ್ಕಾದರೆ ನಾನು ಪ್ರತಿ ಸಾಲನ್ನೂ ಎರಡು ಸಲ ತಾಳೆ ನೋಡುತ್ತಿದ್ದೆ. ಮನೆ ಆಟ, ನಮ್ಮವರೇ, ಏನಾಗಿಬಿಡುತ್ತದೆ ಎಂದುಕೊಂಡಿದ್ದೆ.

“ಅತ್ತೇರೆ,” ಎಂದರು ಟೈಲರಮ್ಮ. ಮಂಚದ ಅಂಚಿನಲ್ಲಿ ಕೂತು ಪೆನ್ನನ್ನು ಮತ್ತೆ ಅವರ ಕೈಗೆ ಕೊಟ್ಟರು. “ಅದು ಬರೀ ಬರವಣಿಗೆ. ಮನೆ ಆಟದಾಗೆ ನೀವು ಹೆಂಗಾದ್ರೂ ಆಡಬೌದಂತೆ. ಇದೊಂದು ಸಹಿ ಹಾಕ್ರಿ. ನಾನು ಎರಡು ದಿನ ಹೋಗಿ ಬರ್ತೀನಿ. ಒಂದ್ಸಲ. ಇನ್ನೆಂದೂ ಕೇಳಲ್ಲ.”

ಅತ್ತೆ ಮುಷ್ಟಿ ಬಿಗಿ ಹಿಡಿದರು. ಪೆನ್ನು ಒಳಗೇ ಇತ್ತು. ಟೈಲರಮ್ಮ ಆ ಬೆರಳುಗಳ ಮೇಲೆ ತಮ್ಮ ಕೈಯಿಟ್ಟರು. ಬಿಡಿಸಲು ನೋಡಿದರೋ, ಸುಮ್ಮನೆ ಹಿಡಿದುಕೊಂಡರೋ, ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಚೀಲದಲ್ಲಿ ಸ್ಟಾಂಪ್ ಪ್ಯಾಡ್ ಇತ್ತು. ಹೆಬ್ಬೆಟ್ಟು ಒತ್ತಿಸಲು ಒಂದು ಕ್ಷಣ ಸಾಕು, ಫೋಟೋದಲ್ಲಿ ಯಾರು ಕೇಳುತ್ತಾರೆ ಎಂಬ ಯೋಚನೆ ನನಗೂ ಬಂತು. ಚೀಲದ ಬಾಯಿಯನ್ನು ಕಾಲಿನಿಂದ ಮುಚ್ಚಿ ನಿಂತೆ.

ಟೈಲರಮ್ಮ ಕೈ ತೆಗೆದರು.

ಅತ್ತೆ ಪೆನ್ನು ನೆಟ್ಟಗೆ ಹಿಡಿದುಕೊಂಡು, ಪತ್ರವನ್ನು ಪಕ್ಕಕ್ಕೆ ತಳ್ಳಿ, ತಮ್ಮ ಪಹಣಿಯನ್ನು ಎಳೆದುಕೊಂಡರು. ‘ಮೃತ’ ಎಂಬ ಪದದ ಮೇಲೆ ಗೀಚಿದರು. ಒಂದು ಸಲವಲ್ಲ, ಕಾಗದ ಹರಿದು ತಟ್ಟೆ ಕಾಣುವ ತನಕ ಗೀಚಿದರು. ಆಮೇಲೆ ನನ್ನ ಕಡೆ ಪೆನ್ನು ಚಾಚಿದರು.

ದಾಖಲೆಯಲ್ಲಿ ಹೊಡೆದು ಹಾಕಿದ್ದಕ್ಕೆ ಪಕ್ಕದಲ್ಲಿ ಅಧಿಕಾರಿಯ ಕಿರುಸಹಿ ಬೇಕು. ಅಷ್ಟು ಅವರಿಗೂ ಗೊತ್ತಿತ್ತು; ಹಾಜರಿ ಪುಸ್ತಕ ನೋಡಿಕೊಂಡವರು. ತೂತಿನ ಪಕ್ಕದಲ್ಲಿ ಕಿರುಸಹಿ ಮಾಡಿ ಗಂಟೆ ಹಾಕಿದೆ: ಮೂರೂ ಮೂವತ್ತೈದು. ಕೆಳಗೆ ಬರೆದೆ: “ನೋಟಿಸು ಜಾರಿಯಾಗಿಲ್ಲದ ಕಾರಣ ಪೌತಿ ರದ್ದು. ಕೊಂಬು ಮೂಲ ಖಾತೆದಾರರಿಗೆ ವಾಪಸು. ತಪ್ಪು ಬರೆದವನದು.” ಇದನ್ನೂ ಓದಿ ಹೇಳಿದೆ. ಅತ್ತೆ ಅದರ ಕೆಳಗೆ ಎಡಗೈಯಲ್ಲಿ ಸಹಿ ಮಾಡಿದರು. ಅಕ್ಷರ ಸೊಟ್ಟ, ಆದರೆ ಪೂರ್ತಿ ಹೆಸರು, ಇನಿಷಿಯಲ್ ಸಮೇತ.

ಟೈಲರಮ್ಮ ಎದ್ದು ಅಂಗಡಿಯ ಕಡೆ ಹೋದರು. ಹಿಂದೆ ಹೋದೆ. ಮಿಷಿನ್ ಮುಂದೆ ಕೂತು ಯಾರದೋ ಜಂಪರಿನ ತೋಳು ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಒಂದು ಸಾಲು ಬಿಟ್ಟು ಓದಕ್ಕೆ ಆಗ್ತಿರ್ಲಿಲ್ಲನ ಸಾರ್?”

“ಆಗ್ತಿರಲಿಲ್ಲ ಕಣಮ್ಮ.”

“ಗೊತ್ತಿತ್ತು ನಂಗೆ. ಅದಕ್ಕೇ ಬಸ್ಸಲ್ಲಿ ಹೇಳಿದ್ದು.” ಮಿಷಿನ್ ಓಡಿತು, ನಿಂತಿತು. “ಅವ್ರಿಗೆ ಹೇಳಕ್ಕೆ ಆಗ್ಲಿಲ್ಲ. ದಿನಾ ಸಂಜೆ ಕೈ ಹಿಂಗೆ ಮಾಡಿ ಕೇಳೋರು. ನೀವಾಗಿದ್ರೆ ಹೇಳ್ತಿದ್ರ?”

ನಾನಾಗಿದ್ದರೆ ಹೇಳುತ್ತಿದ್ದೆ. ಅದು ಒಳ್ಳೆಯದಾಗುತ್ತಿತ್ತೆಂದು ಹೇಳಲು ನನಗೆ ಧೈರ್ಯ ಬರಲಿಲ್ಲ. “ನಕಲು ತಪ್ಪು ಮಾಡಿದ್ದು ನಾನು, ನೋಟಿಸು ತಪ್ಪು ಮಾಡಿದ್ದು ನಾನು. ನಿನ್ನ ಜಾಗ ಹೋಯ್ತು” ಎಂದೆ.

“ಹೌದು” ಎಂದರು. ಬೇಡ ಸಾರ್, ಪರವಾಗಿಲ್ಲ ಎಂದು ದಾಕ್ಷಿಣ್ಯಕ್ಕೂ ಹೇಳಲಿಲ್ಲ.

ನಾಲ್ಕೂ ನಲವತ್ತಕ್ಕೆ ಪರಿವೀಕ್ಷಕಿಗೆ ಫೋನು ಮಾಡಿದೆ. ಸಹಿ ಆಗಿಲ್ಲ, ಆಟಗಾರ್ತಿ ನಿವೃತ್ತರಾಗಿಲ್ಲ, ಸೆಪ್ಟೆಂಬರ್ ಆಟ ನಾವೇ ಹಿಂದಕ್ಕೆ ಪಡೆಯುತ್ತೇವೆ ಎಂದೆ. ಅವರು “ಇನ್ನೂ ಇಪ್ಪತ್ತು ನಿಮಿಷ ಇದೆ ಸಾರ್” ಎಂದರು. “ಬೇಡ” ಎಂದೆ. ಮಿಷಿನ್ನಿನ ಸದ್ದು ಆಗ ನಿಂತಿತ್ತು. ಫೋನಿಟ್ಟ ಮೇಲೆ ಮತ್ತೆ ಶುರುವಾಯಿತು.

ಹೊರಡುವಾಗ ಟೈಲರಮ್ಮ ಅವಲಕ್ಕಿ ಡಬ್ಬಿಯನ್ನು ತೊಳೆದು ಕೊಟ್ಟರು. ಅತ್ತೆ ತಿಂದಿದ್ದರು.

“ನಾಲ್ಕನೇ ಭಾನುವಾರ ನಾನು ಶಿಕಾರಿಪುರಕ್ಕೆ ಬರಲ್ಲ.”

“ಆಗಲಿ.”

“ಎಂತ ಆಗಲಿ? ನೀವೇ ಬರ್ರಿ ಇಲ್ಲಿಗೆ. ಪೈಲ್ವಾನ್ರನ್ನೂ ಕರ್ಕಂಡ್ ಬರ್ರಿ. ಬದುಕಿದಾಳೆ ಅಂತ ಬರ್ದೀರಲ್ಲ, ಬರ್ದ ಮೇಲೆ ಆಡಿಸ್ಬೇಕು. ಬರೇ ಸಹಿ ಹಾಕಿ ಹೋದ್ರೆ?”

ಸಿಟ್ಟಿನಲ್ಲೇ ಹೇಳಿದರು. ಒಳಗಿನಿಂದ ಮಂಚದ ಪಟ್ಟಿಗೆ ಎರಡು ಸಲ ತಟ್ಟಿದ ಸದ್ದು ಬಂತು.

ಐದೂಕಾಲಿನ ಬಸ್ಸು ಹಿಡಿದು ಏಳಕ್ಕೆ ಮನೆ ಮುಟ್ಟಿದೆ. ಹೆಂಡತಿ ಏನಾಯಿತೆಂದು ಕೇಳಿದಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಡಬ್ಬಿ ತೆಗೆದುಕೊಂಡು, “ಮೊದ್ಲೇ ಒಂದ್ಸಲ ಹೋಗಿ ಮಾತಾಡ್ಸಿಕಂಡ್ ಬಂದಿದ್ರೆ ಇದೆಲ್ಲ ಇರ್ತಿತ್ತೇನು?” ಎಂದು ಒಳಗೆ ಹೋದಳು.

ಮಂಚದಲ್ಲಿ ಒರಗಿದವರಿಗೆ ಮೇಜಿನ ಮೇಲೆ ಹರಡಿದ ನಕ್ಷೆ ಕಾಣುವುದಿಲ್ಲ ಎಂದು ಬಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅಟ್ಟದ ಮೇಲೆ, ಹೊಲದಲ್ಲಿ ನಕ್ಷೆ ಬರೆಯಲು ಬಳಸುತ್ತಿದ್ದ ನನ್ನ ಹಳೆಯ ಮೋಜಣಿ ಹಲಗೆ ಇತ್ತು, ಮೂರು ಕಾಲಿನ ಸ್ಟ್ಯಾಂಡ್ ಸಮೇತ. ಕೆಳಗಿಳಿಸಿ ಧೂಳು ಒರೆಸಿದೆ. ಹಲಗೆ ಮಲಗಿಸಿ ಇಡಲೆಂದು ಮಾಡಿದ್ದು. ಓರೆಯಾಗಿ ನಿಲ್ಲಿಸಲು ಹಿಂದೆ ಒಂದು ಪಟ್ಟಿ ಹೊಡೆಯಬೇಕಾಯಿತು. ದಿಂಬಿನ ಎತ್ತರ ನೆನಪಿನಲ್ಲಿಟ್ಟುಕೊಂಡು ಕಾಲುಗಳನ್ನು ಗಿಡ್ಡ ಮಾಡಿದೆ. ಏಳು ಕೆರೆಯ ನಕ್ಷೆಯನ್ನು ಅದರ ಮೇಲೆ ಹರಡಿ ನಾಲ್ಕು ಮೂಲೆಗೆ ಕ್ಲಿಪ್ಪು ಹಾಕಿದೆ. ಮೂರನೇ ಕೆರೆಯ ಏರಿಯ ಮೇಲೆ, ಆ ಹುಡುಗಿ ಜಾರಿದ ಜಾಗದಲ್ಲಿ, ಮೇ ತಿಂಗಳಲ್ಲಿ ನಾನು ಹಾಕಿದ್ದ ಕಪ್ಪು ಶಿಲುಬೆ ಗುರುತನ್ನು ರಬ್ಬರಿನಿಂದ ಒರೆಸಿದೆ. ಪೂರ್ತಿ ಹೋಗಲಿಲ್ಲ. ಅದರ ಮೇಲೆ ಕೆಂಪು ಗುಂಡುಪಿನ್ನು ಚುಚ್ಚಿ, ಪಟ್ಟಿಯ ಕೊನೆಯ ಸ್ಕ್ರೂ ಬಿಗಿ ಮಾಡಿದೆ. ಏಳೂ ಐವತ್ತು.